ಆಖ್ರಿ ಸವಾಲ್

ಬಸವಕಲ್ಯಾಣ
12 ಫೆಬ್ರುವರಿ 2007

ಅಜೀಮುದ್ದೀನ್ ಅವರಿಗೆ,

ಶರಣಾರ್ಥಿ. ನಾನು ಅನುರಾಧಾ. ಇಲ್ಲಿ ಕೋರ್ಟಿನ ಹತ್ರ ಒಬ್ಬ ವಕೀಲರ ಆಫೀಸಿನ್ಯಾಗ ಟೈಪಿಂಗ್ ಮಾಡ್ತೀನಿ. ದೀಪಾವಳಿ ಆದ ಮ್ಯಾಲ ಹುಮನಾಬಾದಿಗೆ ಬಂದಾಗ ನಿಮ್ಮ ಇಂಟರ್ನೆಟ್ ಅಂಗಡಿಯೊಳಗ 'ಆಖ್ರಿ ಸವಾಲ್' ಸಾಫ್ಟ್‌ವೇರಿನ ಸಿ.ಡಿ. ತಗೊಂಡಿದ್ದೆ. ನಿಮಗ ನೆನಪಿರಲಿಕ್ಕಿಲ್ಲ. ಇಂಟರ್ನೆಟ್ಟಿನ್ಯಾಗ ಹರಾಜಿಗೆ, ಲಿಲಾವಿಗೆ ಬಂದ ಸಾಮಾನಿಗೆ ನಾವು ಹೆಚ್ಚಂದ್ರ ಎಷ್ಟು ಕೊಡ್ತೀವಿ ಅಂತ ಬರೆದಿಟ್ಟರ ಸಾಕು, ಲಿಲಾವು ಮುಗಿಯೋ ಹೊತ್ತಿಗೆ ಅದು ತಾನೇ ನಮ್ಮ ಪರವಾಗಿ ರೊಕ್ಕ ಏರಿಸಿ ಸವಾಲು ಹಾಕ್ತದ, ನಮ್ಮಲ್ಲಿ ಕರೆಂಟ್ ಹೋದ್ರೂ ನಿಮ್ಮ ಅಂಗಡಿ ಮಷೀನಿನಿಂದ ಹೋಗ್ತದ ಅಂತ ಹೇಳಿದ್ರಿ.

ನನಗ ಹಳೆ ಫೋಟೋ ಕೂಡಿಸೋ ಹವ್ಯಾಸ ಅದ. ಪುಣೆಯ ಒಬ್ಬ ವ್ಯಾಪಾರಿ ಐತವಾರಕ್ಕೊಂದು ಹಳೆ ಫೋಟೋ ಲಿಲಾವಿಗೆ ಇಡಾಕತ್ತಾನ. ಎರಡು ಐತವಾರ ನಾನು ಸವಾಲು ಹಾಕಿದೆ. ಎರಡೂ ಸಲ ಸೋತೆ. ಸೋತದ್ದಕ್ಕ ಬ್ಯಾಸರಿಲ್ಲ. ಆದ್ರ ಎರಡೂ ಸಲ ನಾನು ಬರೆದಿಟ್ಟ ರೊಕ್ಕದ ಮ್ಯಾಲ ಬರೇ ಒಂದು ಮೆಟ್ಟಲು ಏರಿಸಿ ಯಾರೋ ತಗೊಂಡಾರ. ನಾನು ಎಷ್ಟು ಬರೆದೇನಿ ಅಂತ ಬಾಜು ಕೂತು ನೋಡಿದಂಗ.

ಸಿ.ಡಿ. ಮ್ಯಾಲ 'ಸಲಹೆಗಳಿಗೆ ಸ್ವಾಗತ' ಅಂತ ಬರೆದೀರಿ. ನನ್ನವು ಎರಡು ಅವ. ಸೋತ ಮ್ಯಾಲ ಯಾರು ಗೆದ್ದರು, ಯಾವಾಗ ಸವಾಲು ಹಾಕಿದ್ರು ಅಂತ ತೋರಿಸಬೇಕು. ನಾವು ಬರೆದಿಟ್ಟ ರೊಕ್ಕಕ್ಕ ಕೀಲಿ ಇರಬೇಕು, ಅದನ್ನ ಯಾರೂ ನೋಡಬಾರದು. ಹುಮನಾಬಾದಿನವರೂ ನೋಡಬಾರದು.

ಜವಾಬು ಪತ್ರದಾಗೇ ಬರೀರಿ. ಫೋನಿನ್ಯಾಗ ಆಡಿದ್ದು ಗಾಳಿಗೆ ಹೋಗ್ತದ.

ಇಂತಿ,
ಅನುರಾಧಾ


ಹುಮನಾಬಾದ
17 ಫೆಬ್ರುವರಿ 2007

ಅನುರಾಧಾ ಮೇಡಂ ಅವರಿಗೆ,

ನಮಸ್ಕಾರ್ರಿ. ನನ್ನ ಸಾಫ್ಟ್‌ವೇರಿನ ಬಗ್ಗೆ ಯಾರಾದರೂ ಪತ್ರ ಬರೆದದ್ದು ಇದೇ ಮೊದಲು. ಅಂಗಡಿಗೆ ಬಂದ ಎಲ್ಲಾರಿಗೂ ತೋರಿಸಿದೆ. ಸಲಹೆ ಕೇಳಿ ಇಟ್ಟದ್ದು ಸಾರ್ಥಕ ಆತು.

ಒಂದೇ ಮೆಟ್ಟಲಿನಿಂದ ಸೋತದ್ದರಾಗ ಮೋಸ ಇಲ್ಲರಿ. ನೀವು ಐದುನೂರು ಅಂತ ಬರೆದೀರಿ, ಇನ್ನೊಬ್ಬರು ಸಾವಿರ ಅಂತ ಬರೆದಾರ ಅನ್ನೋಣ. ಆ ಲಿಲಾವಿನವರು ಅವರ ಬಲ್ಲಿ ಸಾವಿರ ತಗೊಳ್ಳೋದಿಲ್ಲ. ನಿಮ್ಮ ಐದುನೂರಿನ ಮ್ಯಾಲ ಒಂದು ಮೆಟ್ಟಲು ಏರಿಸಿ ಅಷ್ಟಕ್ಕೇ ಕೊಡ್ತಾರ. ಅದಕ್ಕ ಸೋತವರಿಗೆಲ್ಲಾ 'ಅಯ್ಯೋ, ಸ್ವಲ್ಪದರಾಗ ಹೋತು' ಅಂತೇ ಅನಸ್ತದ. ಗೆದ್ದವರು ಖರೆ ಎಷ್ಟು ಬರೆದಿದ್ರು ಅಂತ ನಿಮಗ ಗೊತ್ತೇ ಆಗೋದಿಲ್ಲ.

ಯಾರು ಗೆದ್ದರು ಅನ್ನೋದನ್ನ ತೋರಿಸಾಕ ಬರೋದಿಲ್ಲ. ಅದು ಅವರವರ ಖಾಸಗಿ ಮಾತು. ಕೀಲಿಯ ಮಾತು ಒಪ್ಪತಕ್ಕದ್ದೇ ಅದ. ಸದ್ಯ ಎಲ್ಲಾ ನನ್ನ ಮಷೀನಿನ್ಯಾಗ ತೆರೆದೇ ಇರ್ತಾವ. ನಾನು ನೋಡೋದಿಲ್ಲ, ಆದ್ರ ನೋಡಬೇಕಂದ್ರ ನೋಡಾಕ ಬರ್ತದ. ಸುಳ್ಳು ಯಾಕ ಹೇಳ್ಲಿ. ಕೀಲಿ ಹಾಕಾಕ ಸ್ವಲ್ಪ ವ್ಯಾಳ್ಯಾ ಕೊಡ್ರಿ.

ಒಂದು ಮಾತು ಕೇಳಲೇನ್ರಿ? ನಿಮಗ ಗೋರ್ಟಾದ ಫೋಟೋಗಳೇ ಯಾಕ ಬೇಕು? ಪುಣೆಯವನ ಬಲ್ಲಿ ಬ್ಯಾರೆ ಊರಿನವು ಇನ್ನೂ ಚಂದ ಅವ.

ನಿಮ್ಮ,
ಅಜೀಮುದ್ದೀನ್


ಬಸವಕಲ್ಯಾಣ
21 ಫೆಬ್ರುವರಿ 2007

ಅಜೀಮುದ್ದೀನ್ ಅವರಿಗೆ,

ನಿಮ್ಮ ಪತ್ರ ಮೂರು ಸಲ ಓದಿದೆ. 'ನಾನು ನೋಡೋದಿಲ್ಲ' ಅಂತ ಬರೆದೀರಿ. ಅದೇ ಪತ್ರದ ಕೆಳಗ 'ಗೋರ್ಟಾದ ಫೋಟೋಗಳೇ ಯಾಕ' ಅಂತ ಕೇಳೀರಿ. ನಾನು ನನ್ನ ಪತ್ರದಾಗ ಗೋರ್ಟಾ ಅಂತ ಎಲ್ಲಿ ಬರೆದಿದ್ದೆ? ನಕಲು ನನ್ನ ಬಲ್ಲಿ ಅದ, ತೆಗೆದು ನೋಡಿದೆ. ಎಲ್ಲೂ ಬರೆದಿಲ್ಲ. ನಾನು ಯಾವುದಕ್ಕ ಸವಾಲು ಹಾಕೇನಿ ಅಂತ ನೋಡಿದವರಿಗೆ ಅಷ್ಟೇ ಆ ಹೆಸರು ಗೊತ್ತಾಗ್ತದ.

ವಕೀಲರ ಆಫೀಸಿನ್ಯಾಗ ಕೂತು ಇಂಥವು ಭಾಳ ನೋಡೇನಿ. ಕಬ್ಬಿನ ಟ್ರ್ಯಾಕ್ಟರಿನ ತಕರಾರಿನಿಂದ ಹಿಡಿದು ಮನಿ ಪಾಲಿನ ತನಕ, ಮನುಷ್ಯ ಕೇಳಿದ ಪ್ರಶ್ನಿಗೆ ಹುಷಾರಿಯಿಂದ ಉತ್ತರ ಕೊಡ್ತಾನ, ಕೇಳದೇ ಇದ್ದ ಮಾತಿನ್ಯಾಗ ಸಿಗ್ತಾನ.

ಅದಕ್ಕ ಮತ್ತ ಎರಡು ಸಲಹೆ. ನಮ್ಮ ಪಟ್ಟಿ ಯಾರಾದ್ರೂ ತೆರೆದ್ರ, ಯಾವಾಗ ತೆರೆದ್ರು ಅಂತ ನಮಗ ತಿಳಿಯೋ ಹಂಗ ಮಾಡ್ರಿ. ಸಾಫ್ಟ್‌ವೇರ್ ನಡಸೋ ಮನುಷ್ಯ ಆಗಲಿ, ಅವನ ಮನಿಯವರಾಗಲಿ, ಅದೇ ಸಾಫ್ಟ್‌ವೇರಿನಿಂದ ಸವಾಲು ಹಾಕಬಾರದು.

ಮತ್ತ ಒಂದು ನೇರ ಪ್ರಶ್ನಿ. ನೀವಾಗಲಿ, ನಿಮ್ಮ ಮನಿಯವರಾಗಲಿ ಆ ಫೋಟೋಗಳಿಗೆ ಸವಾಲು ಹಾಕಾಕತ್ತೀರೇನು? ಹೌದೋ ಅಲ್ಲೋ, ಅಷ್ಟೇ ಬರೀರಿ.

ಅನುರಾಧಾ


ಹುಮನಾಬಾದ
2 ಮಾರ್ಚ್ 2007

ಅನುರಾಧಾ ಅವರಿಗೆ,

ಜವಾಬು ತಡಾ ಆತು. ಅಂಗಡಿಯೊಳಗ ಕೆಲಸ ಇತ್ತು.

ನಾನು ಇಲ್ಲಿತನಕ ಯಾವ ಫೋಟೋಕ್ಕೂ ಸವಾಲು ಹಾಕಿಲ್ಲ. ನನ್ನ ಇಮಾನಿನ ಮ್ಯಾಲ ಬರೆದ ಮಾತಿದು. ನಿಮ್ಮ ರೊಕ್ಕ ನೋಡಿ ಯಾರಿಗೂ ಹೇಳಿಲ್ಲ. ಫೆಬ್ರುವರಿ ಮೊದಲನೇ ವಾರ ಮಷೀನು ಕೆಟ್ಟಿತ್ತು, ಸರಿ ಮಾಡೋ ಮುಂದ ಪಟ್ಟಿ ಕಣ್ಣಿಗೆ ಬಿತ್ತು. ಊರಿನ ಹೆಸರು ಅವಾಗ ನೋಡಿದ್ದು.

ಕೀಲಿ ಹಾಕೇನಿ. ಈ ಐತವಾರದಿಂದ ನೀವು ಬರೆದದ್ದು ನಿಮ್ಮ ಗುಪ್ತ ಶಬ್ದ ಇಲ್ಲದ ತೆರೆಯೋದಿಲ್ಲ. ಯಾವ ಸಾಮಾನು, ಎಷ್ಟು ರೊಕ್ಕ, ಸವಾಲು ಇಟ್ಟೀರೋ ಇಲ್ಲೋ, ಯಾವುದೂ ನನಗ ಕಾಣೋದಿಲ್ಲ. ನೀವು ಕೊಟ್ಟ ವರ್ಷದ ಫೀ ಹೊಳ್ಳಿ ಬೇಕಂದ್ರ ಕಳಸ್ತೀನಿ.

ಅಜೀಮುದ್ದೀನ್


ಬಸವಕಲ್ಯಾಣ
5 ಮಾರ್ಚ್ 2007

ಅಜೀಮುದ್ದೀನ್ ಅವರಿಗೆ,

ನಾನು ಕೇಳಿದ ಪ್ರಶ್ನಿಯೊಳಗ ಎರಡು ಭಾಗ ಇದ್ದವು. ನೀವು, ಮತ್ತ ನಿಮ್ಮ ಮನಿಯವರು. ನೀವು ಮೊದಲನೇದಕ್ಕ ಅಷ್ಟೇ ಇಮಾನು ಇಟ್ಟು ಬರೆದೀರಿ. ಎರಡನೇದನ್ನ ಹಂಗೇ ಬಿಟ್ಟೀರಿ.

ನಿನ್ನೆ ಐತವಾರ ನಾನೊಂದು ಕೆಲಸ ಮಾಡಿದೆ. ಪುಣೆಯವ ಈ ಸಲ ಇಟ್ಟಿದ್ದ ಫೋಟೋ ಯಾರಿಗೂ ಬ್ಯಾಡಾದದ್ದು. ಒಂದು ಮರದ ಬಾಗಿಲು, ಅದರ ಮುಂದ ಎರಡು ಖಾಲಿ ಕುರ್ಚಿ, ಮನುಷ್ಯರೇ ಇಲ್ಲ. ನನಗೂ ಅದು ಬೇಕಾಗಿರಲಿಲ್ಲ. ಆದ್ರೂ ಬೇಕಂತ ದೊಡ್ಡ ರೊಕ್ಕ ಬರೆದಿಟ್ಟೆ. ಬೆನ್ನಿಗೆ ಬಿದ್ದವರು ಖಾಲಿ ಕುರ್ಚಿಗೂ ಬರ್ತಾರೇನು ನೋಡೋಣ ಅಂತ. ಬಂದ್ರು. ಕಡಿತನಕ ಬಂದ್ರು. ಅಷ್ಟು ರೊಕ್ಕ ಕೊಟ್ಟು ಗೆದ್ದೂ ಬಿಟ್ರು.

ಖಾಲಿ ಕುರ್ಚಿಗೆ ಅಷ್ಟು ರೊಕ್ಕ ಕೊಡೋ ಹುಚ್ಚರು ಇರೋದಿಲ್ಲ. ನಾನು ಯಾವುದಕ್ಕ ಕೈ ಹಾಕ್ತೀನೋ ಅದಕ್ಕ ನಿಮ್ಮ ಕಡಿಯವರು ಕೈ ಹಾಕ್ತಾರ. ನಿಮ್ಮ ಕೀಲಿ ನಿಮ್ಮ ಕೈಯಾಗೇ ಅದ.

ವಕೀಲ ಸಾಹೇಬರಿಗೆ ಹೇಳೇನಿ. ನೋಟೀಸು ನಾನೇ ಟೈಪ್ ಮಾಡೇನಿ, ಇನ್ನೂ ಕಳಸಿಲ್ಲ. ರಾತ್ರಿ ಊಟಕ್ಕ ಕೂತಾಗ ಅಪ್ಪಗೂ ಹೇಳಿದೆ. ಅವ ಅಂದ ಮಾತು ಇಲ್ಲಿ ಬರೆಯೋದಿಲ್ಲ.

ಅನುರಾಧಾ


ಹುಮನಾಬಾದ
8 ಮಾರ್ಚ್ 2007

ಅನುರಾಧಾ ಅವರಿಗೆ,

ನಿಮ್ಮ ಅಪ್ಪ ಅಂದ ಮಾತು ನೀವು ಬರೆದಿಲ್ಲ. ಬರೆಯೋ ಜರೂರತ್ತೂ ಇರಲಿಲ್ಲ. ಓದಾಕ ಬಂತು.

ಈಗ ಎರಡನೇ ಭಾಗದ ಜವಾಬು. ಹೌದು. ಸವಾಲು ಹಾಕಾಕತ್ತವರು ನಮ್ಮ ಮನಿಯವರೇ. ನಮ್ಮ ಫುಫ್ಪು, ಅಂದ್ರ ನಮ್ಮ ಅಬ್ಬಾನ ಅಕ್ಕ. ಹೆಸರು ಮಲಿಕಾ. ಉರ್ದು ಶಾಲಿಯೊಳಗ ಟೀಚರ್ ಇದ್ದು ರಿಟೈರ್ ಆಗ್ಯಾರ. ಸಾಫ್ಟ್‌ವೇರ್ ನಾನು ಮೊದಲು ಬರೆದದ್ದೇ ಅವರ ಸಲುವಾಗಿ. ಮಾರಾಕ ಸುರು ಮಾಡಿದ್ದು ಆಮ್ಯಾಲ.

ಆ ಫೋಟೋಗಳೆಲ್ಲಾ ಅವರ ಅಬ್ಬಾ ತೆಗೆದದ್ದು. ನನ್ನ ದಾದಾ ಸಿರಾಜುದ್ದೀನ್. ಹುಮನಾಬಾದಿನ್ಯಾಗ ಅವರದು ಸ್ಟುಡಿಯೋ ಇತ್ತು. ಸೈಕಲ್ ಮ್ಯಾಲ ಪೆಟ್ಟಿಗಿ ಕಟ್ಟಿಕೊಂಡು ದುಬಲಗುಂಡಿ, ಹಳ್ಳಿಖೇಡ, ಗೋರ್ಟಾ, ಎಲ್ಲಾ ಊರಿಗೂ ಹೋಗ್ತಿದ್ರಂತ. ನಲವತ್ತೆಂಟರ ಸಪ್ಟೆಂಬರದಾಗ, ನಿಜಾಮನ ಮ್ಯಾಲ ಪೊಲೀಸ್ ಆಕ್ಷನ್ ಆದ ಮ್ಯಾಲ, ಯಾರೋ ಬಂದು ಅವರನ್ನ ಕರ್ಕೊಂಡು ಹೋದ್ರು. ಹೊಳ್ಳಿ ಬರಲಿಲ್ಲ. ಸ್ಟುಡಿಯೋ ಲೂಟಿ ಆತು. ಫೋಟೋ ಎಲ್ಲೆಲ್ಲಿ ಹೋದವೋ, ಪುಣೆಯವನ ಕೈಗೆ ಹ್ಯಾಂಗ ಬಂದವೋ ನಮಗ ಗೊತ್ತಿಲ್ಲ. ಫುಫ್ಪು ಅವಾಗ ನಾಲ್ಕು ವರ್ಷದವರು. ಅವರಿಗೆ ಅಬ್ಬಾನ ಮುಖ ನೆನಪಿಲ್ಲ. ಎಲ್ಲಾರ ಫೋಟೋ ತೆಗೆದ ಮನುಷ್ಯನ ಒಂದು ಫೋಟೋ ಮನಿಯೊಳಗ ಇಲ್ಲ.

ನೀವು ಹೇಳೋ ಖಾಲಿ ಕುರ್ಚಿ, ಆ ಮರದ ಬಾಗಿಲು, ಅದು ಅವರ ಸ್ಟುಡಿಯೋದ ಬಾಗಿಲು. ಫುಫ್ಪುಗ ಆ ಕುರ್ಚಿ ನೆನಪದಾವ. ಅದರ ಮ್ಯಾಲ ಕೂತು ಕಾಲು ಆಡಿಸ್ತಿದ್ರಂತ. ನೀವು ಪರೀಕ್ಷಾ ಮಾಡಾಕ ಏರಿಸಿದ ರೊಕ್ಕ ಅವರು ಪಿಂಚಣಿಯಿಂದ ಕೊಟ್ಟಾರ.

ನಿಮಗ ಯಾಕ ಹೇಳಲಿಲ್ಲ? ಫುಫ್ಪು ಬ್ಯಾಡ ಅಂದಿದ್ರು. ಎದುರಿನ್ಯಾಗ ಯಾರೋ ಇದ್ದಾರಂತ ಅವರಿಗೂ ಗೊತ್ತಾಗಿತ್ತು. "ಗೋರ್ಟಾ, ಗೋರ್ಟಾ ಅಂತ ಅವನ್ನೇ ಯಾರು ಹುಡುಕಾಕತ್ತಾರ ಅಜೀಮ್? ಅಬ್ಬಾ ತೆಗೆದ ಫೋಟೋ ಹಿಡ್ಕೊಂಡು ನಾಳೆ ಪೇಪರಿನ್ಯಾಗ ನಮ್ಮ ಮ್ಯಾಲೇ ಏನರ ಬರೀತಾರ" ಅಂತ ಅಂದ್ರು. ಗೋರ್ಟಾದಾಗ ನಿಜಾಮನ ರಜಾಕಾರರು ಏನು ಮಾಡಿದ್ರು ಅಂತ ನಮಗೂ ಗೊತ್ತದ. ಆ ಊರಿನ ಹೆಸರು ಬಂದ್ರ ನಮ್ಮ ಮನಿಯೊಳಗ ಮಾತು ನಿಲ್ತದ. ಅದಕ್ಕ ಹಂಗ ಕೇಳಿದ್ದೆ, ಗೋರ್ಟಾನೇ ಯಾಕ ಅಂತ. ಪಟ್ಟಿ ತಾನಾಗಿ ಕಣ್ಣಿಗೆ ಬಿತ್ತು ಅಂತ ಬರೆದಿದ್ದೆ. ಹಂಗಲ್ಲ. ಫುಫ್ಪು ಅಂದದ್ದಕ್ಕ ತೆರೆದು ನೋಡಿದೆ. ರೊಕ್ಕ ಅವರಿಗೆ ಹೇಳಿಲ್ಲ. ನಿಮ್ಮ ಹೆಸರೂ ಇವತ್ತಿನತನಕ ಹೇಳಿಲ್ಲ.

ನೋಟೀಸು ಕಳಸೋದಿದ್ರ ಕಳಸ್ರಿ.

ಅಜೀಮುದ್ದೀನ್


ಬಸವಕಲ್ಯಾಣ
22 ಮಾರ್ಚ್ 2007

ಅಜೀಮುದ್ದೀನ್ ಅವರಿಗೆ,

ಇಷ್ಟು ದಿನ ಏನು ಬರೀಬೇಕು ಅಂತ ತಿಳೀಲಿಲ್ಲ. ನೋಟೀಸು ಹರಿದು ಹಾಕಿದೆ.

ನನಗ ಫೋಟೋ ಕೂಡಿಸೋ ಹವ್ಯಾಸ ಇಲ್ಲ. ಅದು ಸುಳ್ಳು. ನಮ್ಮ ಮೂಲ ಗೋರ್ಟಾ. ನಮ್ಮ ಅಜ್ಜ ವೈಜನಾಥ, ರಜಾಕಾರರು ಊರಿಗೆ ಬಂದ ದಿನ ಸತ್ತಾನ. ಅವಾಗ ನಮ್ಮ ಆಯಿ ಸುಂದರಬಾಯಿ ಬಸಿರಿ. ನಮ್ಮ ಅಪ್ಪ ಬಕ್ಕಪ್ಪ ಆಮ್ಯಾಲ ಹುಟ್ಟಿದ. ಅಪ್ಪಗ ತನ್ನ ತಂದಿ ಮುಖ ಗೊತ್ತಿಲ್ಲ. ಮನಿ ಸುಟ್ಟಿತ್ತು, ಮನಿಯೊಳಗಿಂದು ಒಂದು ವಸ್ತು ಉಳೀಲಿಲ್ಲ. "ಒಂದು ಸಲ ಫೋಟೋದವ ಬಂದಿದ್ದ, ಗಂಡಸರನ್ನೆಲ್ಲಾ ಕೂಡಿಸಿ ತೆಗೆದಿದ್ದ" ಅಂತ ಆಯಿ ಹೇಳ್ತಿರತಾಳ. ಪುಣೆಯವ ಫೋಟೋಗಳ ಹಿಂದ ಪೆನ್ಸಿಲಿನಿಂದ ಗೋರ್ಟಾ ಅಂತ ಬರೆದದ ಅಂತ ಹಾಕಿದ್ದನ್ನ ನೋಡಿ ನಾನು ನಿಮ್ಮ ಅಂಗಡಿಗೆ ಬಂದಿದ್ದೆ. ಅವ ಮುಖಗಳ ಮ್ಯಾಲೆಲ್ಲಾ ತನ್ನ ಹೆಸರು ಅಡ್ಡ ಬರೆದು ಹಾಕ್ತಾನ, ಕೊಂಡುಕೊಳ್ಳದ ಯಾರ ಮುಖಾನೂ ಕಾಣೋದಿಲ್ಲ. ಕಂಡ್ರೂ ನಮ್ಮ ಪೈಕಿ ಗುರುತು ಹಿಡಿಯೋಕಿ ಆಯಿ ಒಬ್ಬಾಕಿ. ಅಕಿಗೆ ಎಪ್ಪತ್ತಾರು.

ಆ ಎರಡು ಕುರ್ಚಿಯ ವಿಷಯ ನನ್ನ ಮನಸ್ಸಿನ್ಯಾಗ ಕೂತದ.

ಈ ಐತವಾರ ಇಡೋದು ಗೋರ್ಟಾದ ಕಡೀ ಫೋಟೋ ಅಂತ ಪುಣೆಯವ ಹಾಕ್ಯಾನ. ನಾನು ಸವಾಲು ಹಾಕೋದಿಲ್ಲ. ಅವರು ತಗೊಳ್ಳಲಿ, ಅವರಪ್ಪ ತೆಗೆದದ್ದು ಅವರ ಮನಿಗೇ ಹೋಗಲಿ. ಆಮ್ಯಾಲ ಒಂದು ದಿನ ಆಯಿಗೆ ಬರೇ ತೋರಿಸಿದ್ರ ಸಾಕು.

ಇನ್ನೊಂದು ಸಲಹೆ, ಜಗಳದ್ದಲ್ಲ. ಒಂದೇ ವಸ್ತುವಿಗೆ ನಿಮ್ಮ ಸಾಫ್ಟ್‌ವೇರಿನ ಇಬ್ಬರು ಸವಾಲು ಹಾಕಿದ್ರ, ಇನ್ನೊಬ್ಬರೂ ಇದ್ದಾರ ಅಂತ ಇಬ್ಬರಿಗೂ ತಿಳಿಸ್ರಿ. ಇಬ್ಬರೂ ಒಪ್ಪಿದ್ರ ಹೆಸರು ಹೇಳ್ರಿ. ಇಲ್ಲಂದ್ರ ನಾವು ನಾವೇ ಬಡಿದಾಡಿ ಪುಣೆಯವನ ಮನಿ ತುಂಬಿಸ್ತೀವಿ.

ಅನುರಾಧಾ


ಹುಮನಾಬಾದ
22 ಮಾರ್ಚ್ 2007

ಅನುರಾಧಾ ಅವರಿಗೆ,

ನಿಮ್ಮ ಜವಾಬಿಲ್ಲ. ಹಿಂದಿನ ಪತ್ರದಾಗ ಸ್ವಲ್ಪ ಬಿರುಸಾಗಿ ಬರೆದೆ ಅನಸ್ತದ.

ನಿನ್ನೆ ಫುಫ್ಪುಗ ನಿಮ್ಮ ವಿಷಯ ಹೇಳಿದೆ. ಎದುರಿಗೆ ಇದ್ದವರು ಬಸವಕಲ್ಯಾಣದ ಒಬ್ಬ ಹೆಣ್ಣುಮಗಳು, ಟೈಪಿಂಗ್ ಮಾಡ್ತಾರ, ಪೇಪರಿನವರಲ್ಲ ಅಂತ. ಅವರು ತಮ್ಮ ಬಲ್ಲಿದ್ದ ಫೋಟೋ ತೆಗೆದು ನೋಡಿದ್ರು. ಆಮ್ಯಾಲ ಅಂದ್ರು: "ಗೋರ್ಟಾದ್ದೇ ಬೇಕು ಅಂದ್ರ ಅಲ್ಲಿ ಅವರ ಯಾರೋ ಇರಬೇಕು. ನನ್ನ ಬಲ್ಲಿ ಎರಡು ಬಂದಾವ. ಕಡೀದು ಅವರು ತಗೊಳ್ಳಲಿ."

ಅದಕ್ಕ ಈ ಐತವಾರ ಫುಫ್ಪು ಸವಾಲು ಹಾಕೋದಿಲ್ಲ. ನೀವು ನಿಶ್ಚಿಂತಿಯಿಂದ ಹಾಕ್ರಿ. ಬ್ಯಾರೆ ಯಾರೂ ಅಷ್ಟೇನು ಏರಿಸೋದಿಲ್ಲ. ನಿಮಗೇ ಸಿಗ್ತದ.

ಅಜೀಮುದ್ದೀನ್


ಹುಮನಾಬಾದ
26 ಮಾರ್ಚ್ 2007

ಅನುರಾಧಾ ಅವರಿಗೆ,

ನಿಮ್ಮ ಪತ್ರ ಇವತ್ತು ಸೋಮವಾರ ಮಧ್ಯಾಹ್ನ ಬಂತು. ನನ್ನದೂ ನಿಮಗ ಇವತ್ತೇ ಮುಟ್ಟಿರಬೇಕು.

ಏನಾತು ಅಂತ ನಿಮಗ ಗೊತ್ತಾಗಿರ್ತದ. ಆದ್ರೂ ಬರೀತೀನಿ. ನಿನ್ನೆ ಸಂಜಿಮುಂದ ಫುಫ್ಪು ಅಂಗಡಿಗೆ ಬಂದು ನನ್ನ ಬಾಜು ಕೂತಿದ್ರು. ನಿಮಗ ಸಿಕ್ಕದ್ದನ್ನ ನೋಡಿ ಹೋಗ್ತೀನಿ ಅಂದ್ರು. ಯಾರೋ ಒಬ್ಬರು ಸುರುವಾತಿನ ರೊಕ್ಕಕ್ಕ ಸವಾಲು ಹಾಕಿದ್ರು, ಅಲ್ಲೇ ನಿಂತಿತ್ತು. ನಿಮ್ಮ ಸವಾಲು ಕಡೀ ಗಳಿಗಿಗೆ ಹೋಗ್ತದ, ಅದಕ್ಕೇ ಅಲ್ಲೇನು ಆಖ್ರಿ ಸವಾಲ್ ಅಂತ ಹೆಸರು ಇಟ್ಟದ್ದು ಅಂತ ನಾನು ಫುಫ್ಪುಗ ಹೇಳಾಕತ್ತಿದ್ದೆ. ಮೊದಲಿನಂಗ ಇದ್ದಿದ್ರ ನೀವು ಇಟ್ಟಿಲ್ಲ ಅಂತ ನನಗ ಗೊತ್ತಾಗ್ತಿತ್ತು. ಆದ್ರ ಕೀಲಿ ಹಾಕಿದ ಮ್ಯಾಲ ನನಗೇನೂ ಕಾಣೋದಿಲ್ಲ. ಮಷೀನು ಸುಮ್ಮನೇ ಇತ್ತು. ಹೊತ್ತು ಮುಗೀತು. ಆ ಮನುಷ್ಯಗ ಹೋತು, ಸುರುವಾತಿನ ರೊಕ್ಕಕ್ಕೇ.

"ಅವರಿಗೆ ಬ್ಯಾಡಾತೇನು?" ಅಂತ ಫುಫ್ಪು ಕೇಳಿದ್ರು. ಇವತ್ತು ನಿಮ್ಮ ಪತ್ರ ಓದಿ ಹೇಳಿದೆ. ಅವರು ಎದ್ದು ಒಳಗ ಹೋದ್ರು.

ಗೆದ್ದವರಿಗೆ ಪುಣೆಯವನ ಮುಖಾಂತರ ಒಂದು ಚೀಟಿ ಕಳಸೇನಿ. ಜವಾಬು ಬರೋ ಭರೋಸಾ ಇಲ್ಲ.

ನೀವು ಕಡೀಗೆ ಹೇಳಿದ ಸಲಹೆ ಇವತ್ತೇ ಸಾಫ್ಟ್‌ವೇರಿನ್ಯಾಗ ಸೇರಿಸಾಕ ಕೂತೇನಿ.

ಅಜೀಮುದ್ದೀನ್


ಬಸವಕಲ್ಯಾಣ
29 ಮಾರ್ಚ್ 2007

ಅಜೀಮುದ್ದೀನ್ ಅವರಿಗೆ,

ಖರೆ ಹೇಳಬೇಕಂದ್ರ, ಆ ಮೂರನೇ ಮನುಷ್ಯನೂ ನಿಮ್ಮವನೇ ಇರಬೇಕು ಅಂತ ಮೊದಲು ನನ್ನ ಮನಸ್ಸಿಗೆ ಬಂತು. ನನ್ನಂಗ ಬಾಗಿಲ ಹಿಂದ ನಿಂತು ಕೇಳೋ ಚಾಳಿ ಇದ್ದವರಿಗೆ ಬಯಲಾಗ ನಿಂತ್ರೂ ಬಾಗಿಲೇ ಕಾಣ್ತದ. ಒಂದು ಪುಟ ಹಂಗೇ ಬರೆದೆ. ಆಮ್ಯಾಲ ನಿಮ್ಮ 22ರ ಪತ್ರ ಮತ್ತ ಓದಿದೆ. ನನ್ನದೂ 22. ಇಬ್ಬರೂ ಒಂದೇ ದಿನ ಕೂತು ಬರೆದೀವಿ. ಇದರಾಗ ಯಾರ ಕಪಟ ಅಂತ ಹುಡುಕಲಿ? ಫೋನು ಬ್ಯಾಡ ಅಂದಾಕಿ ನಾನೇ.

ಮಲಿಕಾ ಅವರ ಬಲ್ಲಿ ಇರೋ ಎರಡು ಫೋಟೋ ತೋರಿಸಾಕ ನಾನೇ ಆಯಿನ್ನ ಕರ್ಕೊಂಡು ಬರ್ತಿದ್ದೆ, ಆದ್ರ ಅಕಿಗೆ ಬಸ್ಸು ಹತ್ತಾಕ ಆಗೋದಿಲ್ಲ. ನಮ್ಮ ಮನಿಗೆ ಬರ್ರಿ ಅಂತ ಕರೆಯಾಕ ನನಗ ಮುಖ ಇಲ್ಲ, ಆದ್ರೂ ಕರೀತೀನಿ. ಅಪ್ಪಗ ಹೇಳೇನಿ. ಅವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಂಬರು ಕೆಳಗ ಬರೆದೇನಿ.

ಅನುರಾಧಾ


ಬಸವಕಲ್ಯಾಣ
10 ಏಪ್ರಿಲ್ 2007

ಅಜೀಮುದ್ದೀನ್ ಅವರಿಗೆ,

ಐತವಾರ ನಮ್ಮ ಮನಿಯೊಳಗ ನಡೆದದ್ದನ್ನ ಮಲಿಕಾ ಅಕ್ಕಾರು ಹೊಳ್ಳಿ ಬಂದು ಹೇಳಿರಬೇಕು. ಫೋನಿನ್ಯಾಗ ಹೇಳಬಹುದಿತ್ತು, ಆದ್ರ ಒಂದು ಮಾತು ಅವರಿಗೂ ಗೊತ್ತಿಲ್ಲದ್ದು ಅದ, ಅದಕ್ಕ ಬರೀತೀನಿ.

ಒಬ್ಬರೇ ಬಸ್ಸಿನ್ಯಾಗ ಬಂದ್ರು. ನಿಲ್ದಾಣಕ್ಕ ನಾನು ಹೋಗಿದ್ದೆ. ದಾರಿಯೊಳಗ ಇಬ್ಬರೂ ಬಿಸಿಲಿನ ಮಾತು ಬಿಟ್ಟು ಬ್ಯಾರೆ ಏನೂ ಆಡಲಿಲ್ಲ. ಚೀಲ ಎದಿಗೆ ಅವುಚಿ ಹಿಡ್ಕೊಂಡಿದ್ರು. ಅವರು ಬಾಗಲದಾಗ ಬಂದಾಗ ಅಪ್ಪ ತನ್ನ ಅಂಗಡಿಗೆ ಹೋಗತೀನಂತ ಎದ್ದ, ಆದ್ರ ಚಪ್ಪಲಿ ಹಾಕ್ಕೊಂಡು ಕಟ್ಟಿಮ್ಯಾಲೇ ಕೂತ.

ಆಯಿ ಕೇಳಿದ್ಲು, "ಯಾರ ಮಗಳವಾ ನೀ?"

"ಫೋಟೋ ಸಿರಾಜುದ್ದೀನರ ಮಗಳು ರೀ, ಹುಮನಾಬಾದಿನಾಕಿ."

ಆಯಿ ಅವರನ್ನ ಬಾಜು ಕೂಡಿಸ್ಕೊಂಡ್ಲು. "ಸೈಕಲ್ ಮ್ಯಾಲ ಬರ್ತಿದ್ದ. ಕರಿ ಅರಿಬಿ ತಲಿಮ್ಯಾಲ ಹಾಕ್ಕೊಂಡು ಪೆಟ್ಟಿಗಿಯೊಳಗ ನೋಡ್ತಿದ್ದ. ನಾವು ಹೆಣ್ಣುಮಕ್ಕಳು ಕಿಡಕಿ ಸಂದಿನಿಂದ ನೋಡ್ತಿದ್ದಿವಿ. ಗಂಡಸರೆಲ್ಲಾ ಎದಿ ಉಬ್ಬಿಸಿ ಕೂತಿದ್ರು. ಅವ ಅರಿಬಿಯೊಳಗಿಂದ ತಲಿ ಹೊರಗ ಹಾಕಿ, 'ಉಸರು ಬಿಡ್ರಿ ಗೌಡ್ರ, ಉಸರು ಕಟ್ಟಿದವರ ಫೋಟೋ ಪೊಲೀಸರು ತೆಗೀತಾರ, ನಾ ಅಲ್ಲ' ಅಂದ. ಎಲ್ಲಾರೂ ನಕ್ಕರು."

ಮಲಿಕಾ ಅಕ್ಕಾರು, "ಇನ್ನೊಮ್ಮೆ ಹೇಳ್ರಿ ಅವ್ವಾ" ಅಂದ್ರು. ಆಯಿ ಹೇಳಿದ್ಲು. ಮತ್ತೊಮ್ಮೆ ಕೇಳಿದ್ರು. "ದನಿ ಹ್ಯಾಂಗಿತ್ರಿ? ದಪ್ಪೋ, ಸಣ್ಣೋ?" "ಸಣ್ಣ ದನಿ. ಹೆಣ್ಣುಮಕ್ಕಳಂಗ." ಅವರು ಕಣ್ಣೊರಸ್ಕೊಂಡ್ರು. ನಕ್ಕೊಂತ ಒರಸ್ಕೊಂಡ್ರು.

ಆಮ್ಯಾಲ ಎರಡೂ ಫೋಟೋ ಹೊರಸಿನ ಮ್ಯಾಲ ಇಟ್ಟರು. ಒಂದರಾಗ ಬರೇ ಹುಡುಗರು. ಇನ್ನೊಂದರಾಗ ರಾಶಿ ಕಣ, ಜೋಳದ ರಾಶಿ ಹಿಂದ ಗಂಡಸರ ಸಾಲು. ಆಯಿ ಚಾಳೀಸು ಹಾಕ್ಕೊಂಡು ಬಾಗಿ ಬಾಗಿ ನೋಡಿದ್ಲು. ಅಪ್ಪ ಯಾವಾಗ ಒಳಗ ಬಂದು ನಿಂತಿದ್ನೋ ನನಗ ಗೊತ್ತಿಲ್ಲ. ಆಯಿ ಒಬ್ಬನ ಮ್ಯಾಲ ಬೆರಳಿಟ್ಟಳು. "ಇವರೇ" ಅಂದ್ಲು.

ಅಪ್ಪ ಅದನ್ನ ಎರಡೂ ಕೈಲೆ ತಗೊಂಡ. ಮಲಿಕಾ ಅಕ್ಕಾರು, "ಇಟ್ಕೊಳ್ರಿ" ಅಂದ್ರು. ಅಪ್ಪ ರೊಕ್ಕದ ಮಾತು ಎತ್ತಿದ, ಅವರು ಬ್ಯಾಡ ಅಂದ್ರು. ನಿಮ್ಮ ಬಗ್ಗೆ ಅವ ಹಿಂದ ಅಂದದ್ದು ನಿಮಗ ಓದಾಕ ಬಂದಿತ್ತು ಅಂತ ಬರೆದಿದ್ರಿ. ಅದೇ ಅಪ್ಪ "ಊಟ ಮಾಡಿ ಹೋಗಬೇಕು" ಅಂದ, ಅವರ ಎಡಿಗೆ ಪುಂಡಿಪಲ್ಯ ತಾನೇ ಬಡಿಸಿದ. ಮರುದಿನ ಮುಂಜಾನೆ ಆ ಫೋಟೋಕ್ಕ ಕಟ್ಟು ಹಾಕಿಸಿ ಗ್ವಾಡಿಗೆ ಹಾಕ್ಯಾನ.

ಈಗ ಆ ಮಾತು. ಅವರು ಹೋದ ಮ್ಯಾಲ ಆಯಿ ನನ್ನನ್ನ ಅಡಗಿಮನಿಗೆ ಕರೆದ್ಲು. "ಮುಖ ನೆನಪಿಲ್ಲ ಅನು" ಅಂದ್ಲು. "ಎರಡು ವರ್ಷ ಸಂಸಾರ ಮಾಡೇನಿ, ತಲಿ ಎತ್ತಿ ನೋಡಿದ್ದೇ ಕಡಿಮಿ. ಎಷ್ಟೋ ವರ್ಷದಿಂದ ನೆನಪಿಲ್ಲ. ಆ ಹೆಣ್ಣುಮಗಳು ಅಷ್ಟು ದೂರದಿಂದ ಬಂದಿದ್ಲು, ನಿಮ್ಮಪ್ಪ ಎದುರಿಗೆ ನಿಂತಿದ್ದ. ಇಬ್ಬರಿಗೂ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

"ಮತ್ತ ಫೋಟೋದವ ಅಂದ ಮಾತು?"

"ಅದು ಖರೆ ಅದ" ಅಂದ್ಲು.

ನನ್ನ ಸ್ವಭಾವ ನಿಮಗ ಗೊತ್ತದ. ಅದನ್ನ ಮತ್ತ ಕೆದಕಿ ಕೇಳಬೇಕು ಅಂತ ನಾಲಿಗಿ ತುದಿಗೆ ಬಂತು. ಕೇಳಲಿಲ್ಲ. ಇದನ್ನ ಮಲಿಕಾ ಅಕ್ಕಾರಿಗೆ ಹೇಳಬ್ಯಾಡ್ರಿ. ನಿಮಗ ಯಾಕ ಹೇಳಿದೆ ಅಂದ್ರ, ನಿಮ್ಮ ಬಲ್ಲಿ ಇಟ್ಟ ಮಾತು ಉಳೀತದ ಅಂತ ಈಗ ನಂಬಿಕಿ ಬಂದದ.

ಅನುರಾಧಾ


ಹುಮನಾಬಾದ
24 ಏಪ್ರಿಲ್ 2007

ಅನುರಾಧಾ ಅಕ್ಕಾರಿಗೆ,

ನೀವು ಬರೆದದ್ದು ನನ್ನ ಬಲ್ಲೇ ಅದ. ಫುಫ್ಪು ದಿನಾ ಆ ಮಾತು ಅಂತಿರತಾರ, ಉಸರು ಬಿಡ್ರಿ ಗೌಡ್ರ ಅಂತ. ಸಣ್ಣ ದನಿ ಮಾಡಿ ಅಂತಾರ.

ಪುಣೆಯವನ ಮುಖಾಂತರ ಕಳಸಿದ್ದ ಚೀಟಿಗೆ ಜವಾಬು ಬಂತು. ಕಡೀ ಫೋಟೋ ಗೆದ್ದವರು ನಾಗಪುರದಾಗ ಇರೋ ಮುದುಕರು, ಹಳೆ ಕ್ಯಾಮೆರಾದ ಹುಚ್ಚಿನವರು. ಆ ಫೋಟೋದಾಗ ಕ್ಯಾಮೆರಾದ ನೆರಳು ಬಿದ್ದದ, ಅದಕ್ಕ ತಗೊಂಡೆ ಅಂತ ಬರೆದಾರ. ಫೋಟೋ ಕೊಡಾಕ ಮನಸ್ಸಿಲ್ಲ, ಆದ್ರ ಎರಡು ದೊಡ್ಡ ನಕಲು ತೆಗಿಸಿ ಕಳಸ್ಯಾರ. ಹೆಸರಿನ ಅಡ್ಡಗೀಟಿಲ್ಲ, ಸಾಲಾಗಿ ಕೂತ ಗಂಡಸರೆಲ್ಲಾರ ಮುಖ ಸ್ವಚ್ಛ ಕಾಣ್ತಾವ.

ಹೊತ್ತು ಇಳಿಯೋ ಮುಂದ ತೆಗೆದದ್ದಿರಬೇಕು, ಸೂರ್ಯ ತೆಗೆದವರ ಬೆನ್ನಿಗೆ. ನೆಲದ ಮ್ಯಾಲ ಮೂರು ಕಾಲಿನ ನೆರಳು, ಅದರ ಹಿಂದ ಅರಿಬಿ ಹೊತ್ತು ಬಾಗಿದ ಮನುಷ್ಯನ ನೆರಳು. ಫುಫ್ಪು ನಿನ್ನೆಯಿಂದ ಅದನ್ನ ತೊಡಿಮ್ಯಾಲ ಇಟ್ಕೊಂಡು ಕೂತಾರ. "ಕುಳ್ಳ ಇದ್ರು ನೋಡು" ಅಂತ ಒಮ್ಮೆ ಅಂದ್ರು.

ಎರಡನೇ ನಕಲು ಈ ಲಕೋಟಿಯೊಳಗ ಇಟ್ಟೇನಿ. ನೀವು ಹಿಂದಿನ ಪತ್ರದಾಗ ಬರೆದದ್ದು ನೆನಪಿಟ್ಟು, ಕಳಸಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ಹೆಸರು ನಿಮ್ಮದೇ ಬರೆದೇನಿ, ಆಫೀಸಿನ ಪತ್ತಾಕ್ಕ. ಮನಿಗೆ ಒಯ್ಯೋದು ಬಿಡೋದು ನೀವು ನೋಡ್ಕೊಳ್ರಿ.

ಅಜೀಮುದ್ದೀನ್


ಬಸವಕಲ್ಯಾಣ
2 ಮೇ 2007

ತಮ್ಮಾ ಅಜೀಮುದ್ದೀನ್,

ಲಕೋಟಿ ಮೂರು ದಿನ ಆಫೀಸಿನ ಡ್ರಾವರಿನ್ಯಾಗ ಇತ್ತು. ಒಯ್ದ್ರ ಗ್ವಾಡಿ ಮ್ಯಾಲಿನವ ಏನಾಗಬೇಕು ಅಂತ ಅಂಜಿಕಿ. ಅಪ್ಪ ದಿನಾ ಮುಂಜಾನೆ ವಿಭೂತಿ ಹಚ್ಕೊಂಡು ಅವನ ಮುಂದ ನಿಂತಿರತಿದ್ದ. ಆದ್ರ ಆಯಿಯ ಪಾಲಿಂದು ನಾನು ಮುಚ್ಚಿಡಾಕ ಯಾರು?

ನಿನ್ನೆ ಕೋರ್ಟಿಗೆ ಸೂಟಿ ಇತ್ತು. ಅಪ್ಪ ಅಂಗಡಿಗೆ ಹೋಗಲಿ ಅಂತ ಕಾದೆ. ಆಯಿ ಹೊರಸಿನ ಮ್ಯಾಲ ಕೂತಿದ್ಲು. ಏನೂ ಹೇಳದ ಫೋಟೋ ಕೈಯಾಗ ಕೊಟ್ಟೆ.

ಈ ಸಲ ಬಾಗಿ ಬಾಗಿ ನೋಡಲಿಲ್ಲ. ಬೆರಳಿಡಲಿಲ್ಲ. 'ಇವರೇ' ಅನ್ನಲಿಲ್ಲ. ಅಕಿ ಹೊರಸಿನಿಂದ ಕೆಳಗ ಇಳದ್ಲು. ಮಣಕಾಲು ಹಿಡಿದಿರತಾವ, ಯಾವಾಗಲೂ ನನ್ನ ಕೈ ಬೇಕು, ನಿನ್ನೆ ಕೇಳಲಿಲ್ಲ. ನೆಲಕ್ಕ ಕೂತು, ಫೋಟೋ ಹೊರಸಿನ ಮ್ಯಾಲ ಇಟ್ಟು, ತಲಿಮ್ಯಾಲ ಸೆರಗು ಹೊತ್ತುಕೊಂಡ್ಲು. ಮನಿಯೊಳಗ ನಾವಷ್ಟೇ ಇದ್ದಾಗ ಆಯಿ ಸೆರಗು ಹೊತ್ತದ್ದು ನಾನು ಹುಟ್ಟಿದಾಗಿಂದ ನೋಡಿಲ್ಲ. ಮುಖ ಅರ್ಧ ಮುಚ್ಚೋ ತನಕ ಎಳಕೊಂಡ್ಲು. ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದ ಸೊಸಿಯಂಗ.

ಬಾಗಿಲದ ಕಡಿ ಸಪ್ಪಳಾತು.

ತಿರುಗಿ ನೋಡಿದ್ರ ಅಪ್ಪ. ಕೀಲಿಕೈ ಮರೆತು ಹೊಳ್ಳಿ ಬಂದಿದ್ದ. ಅವ್ವ ನೆಲಕ್ಕ ಕೂತದ್ದು, ಸೆರಗು ಹೊತ್ತದ್ದು ನೋಡಿದ. ಫೋಟೋ ತಗೊಂಡು ಬಾಗಿಲ ಬೆಳಕಿಗೆ ಹೋದ. ಎಷ್ಟು ಹೊತ್ತು ನಿಂತಿದ್ನೋ. ಆ ಸಾಲಿನ್ಯಾಗ ಯಾರು ಅಂತ ನಾವು ತೋರಿಸಲಿಲ್ಲ, ಅವನೂ ಕೇಳಲಿಲ್ಲ. ಎಡಗಡಿಯಿಂದ ಎರಡನೇದವನ ಕಿವಿ ಅಪ್ಪನವೇ. ಕನ್ನಡಿಯೊಳಗ ದಿನಾ ನೋಡಿದವಗ ಹೇಳೋದೇನದ.

ಒಳಗ ಬಂದು ಗ್ವಾಡಿ ಮ್ಯಾಲಿನ ಫೋಟೋ ತಾನೇ ಇಳಿಸಿದ. ಧೂಳು ಇರಲಿಲ್ಲ, ಆದ್ರೂ ತನ್ನ ಧೋತರದ ಚುಂಗಿನಿಂದ ಒರಸಿದ. "ಈ ಯಪ್ಪ ಯಾರ ಮನಿಯವನೋ" ಅಂದ. "ಅವನ ಮಕ್ಕಳೂ ಎಲ್ಲ್ಯರ ಹುಡುಕಾಕತ್ತಿರಬೇಕು."

ಅದನ್ನ ಕಟ್ಟಿನ ಸಮೇತ ಮಲಿಕಾ ಅಕ್ಕಾರಿಗೆ ಹೊಳ್ಳಿ ಕಳಸಬೇಕು ಅಂತ ಅಪ್ಪನೇ ಹೇಳ್ಯಾನ. ಪೋಸ್ಟಿಗೆ ಹಾಕಬ್ಯಾಡ, ಗಾಜು ಒಡೀತದ, ಐತವಾರ ನಾನೇ ಹುಮನಾಬಾದಿಗೆ ಒಯ್ದು ಕೊಟ್ಟು ಬರ್ತೀನಿ ಅಂದಾನ. ಮನಿ ಯಾವ ಓಣಿಯೊಳಗ ಅಂತ ಅವಗ ಫೋನಿನ್ಯಾಗ ಹೇಳ್ರಿ. ನನ್ನ ಬಲ್ಲಿ ಕೇಳಾಕ ನಾಚಿಕೊಳ್ಳಾಕತ್ತಾನ.

ನಿಮ್ಮ ಅಕ್ಕ,
ಅನುರಾಧಾ